ಹಳೆ ಪೇಪರ್‌ನಿಂದ ಮನೆಯ ಮಾಡಿಗೆ ಇನ್ಸುಲೇಶನ್: ಪದೇ ಪದೇ ಕೇಳುವ ಪ್ರಶ್ನೆಗಳು

ಉಡುಪಿ ಹತ್ತಿರದ ನಮ್ಮ ಸಣ್ಣ ಶೆಡ್‌ನಲ್ಲಿ ರದ್ದಿ ಪೇಪರನ್ನು ಹತ್ತಿಯ ಹಾಗೆ ಬಿಡಿಸಿ, ಮನೆಯ ಮಾಡಿನ (ಛಾವಣಿಯ) ಅಡಿ ಹಾಕುವ ಇನ್ಸುಲೇಶನ್, ಅಂದರೆ ಶಾಖ ತಡೆಯುವ ಪದರ, ತಯಾರಿಸುತ್ತೇವೆ. ಹೊರಗಿನವರು ಇದಕ್ಕೆ ಸೆಲ್ಯುಲೋಸ್ ಇನ್ಸುಲೇಶನ್ ಎನ್ನುತ್ತಾರೆ. ಶೆಡ್‌ನಲ್ಲಿ ನಾವು ಪೇಪರ್ ಹತ್ತಿ ಅಂತಲೇ ಕರೆಯುವುದು. ನೋಡಲು ಬಂದವರು ಕೇಳುವ ಪ್ರಶ್ನೆಗಳು ಹೆಚ್ಚುಕಮ್ಮಿ ಇವೇ. ಕೆಲವಕ್ಕೆ ಉದ್ದ ಉತ್ತರ ಬೇಕು, ಕೆಲವಕ್ಕೆ ಒಂದು ಮಾತು ಸಾಕು. ಎಲ್ಲರೂ ಮೊದಲು ಬೆಂಕಿಯ ಬಗ್ಗೆ ಕೇಳುತ್ತಾರೆ. ಆದರೆ ನಮ್ಮ ಕರಾವಳಿಯಲ್ಲಿ ಈ ಮಾಲಿಗೆ ಬೆಂಕಿಗಿಂತ ದೊಡ್ಡ ಶತ್ರು ನೀರು. ಅದನ್ನು ಕೆಳಗೆ ಸ್ವಲ್ಪ ಜಾಸ್ತಿಯೇ ಬರೆದಿದ್ದೇನೆ.

ಪೇಪರ್ ಹಾಕಿದರೆ ಸೆಕೆ ಹೇಗೆ ಕಡಿಮೆಯಾಗುತ್ತದೆ?

ಸೆಕೆ ತಡೆಯುವುದು ನಿಜವಾಗಿ ಪೇಪರ್ ಅಲ್ಲ, ಅದರ ಎಳೆಗಳ ನಡುವೆ ಸಿಕ್ಕಿಕೊಂಡ ಗಾಳಿ. ಅಲುಗಾಡದೆ ನಿಂತ ಗಾಳಿ ಶಾಖವನ್ನು ಬಹಳ ನಿಧಾನವಾಗಿ ದಾಟಿಸುತ್ತದೆ. ಹತ್ತಿ ತುಂಬಿದ ರಜಾಯಿ ಬೆಚ್ಚಗಿಡುವುದೂ ಇದೇ ಕಾರಣಕ್ಕೆ. ರಜಾಯಿ ಒಳಗಿನ ಬಿಸಿಯನ್ನು ಹೊರಗೆ ಬಿಡುವುದಿಲ್ಲ, ಮಾಡಿನ ಕೆಳಗಿನ ಪೇಪರ್ ಹತ್ತಿ ಹೊರಗಿನ ಬಿಸಿಯನ್ನು ಒಳಗೆ ಬಿಡುವುದಿಲ್ಲ.

ಲೆಕ್ಕ ಬೇಕೆನ್ನುವವರಿಗೆ: ಇದರ ಉಷ್ಣವಾಹಕತೆ (ಶಾಖ ದಾಟಿಸುವ ಗುಣ) ಸುಮಾರು 0.04 ವ್ಯಾಟ್ ಪ್ರತಿ ಮೀಟರ್ ಕೆಲ್ವಿನ್. ಕಾಂಕ್ರೀಟಿನದ್ದು ಸುಮಾರು 1.5. ಅಂದರೆ ನಾಲ್ಕು ಇಂಚು ಪೇಪರ್ ಹತ್ತಿ ಎಷ್ಟು ಶಾಖ ತಡೆಯುತ್ತದೋ ಅಷ್ಟು ತಡೆಯಲು ಹೆಚ್ಚುಕಮ್ಮಿ ನಾಲ್ಕು ಮೀಟರ್ ದಪ್ಪದ ಕಾಂಕ್ರೀಟ್ ಬೇಕು. ಐದು ಇಂಚಿನ ತಾರಸಿ ರಾತ್ರಿ ಹತ್ತಾದರೂ ಯಾಕೆ ಕಾಯುತ್ತಿರುತ್ತದೆ ಅಂತ ಇದರಲ್ಲೇ ತಿಳಿಯುತ್ತದೆ.

ಗೋಡೆ ಬಿಟ್ಟು ಮಾಡಿಗೇ ಯಾಕೆ?

ನಮ್ಮಲ್ಲಿ ಬಿಸಿಲು ಮೇಲಿನಿಂದ ಬೀಳುತ್ತದೆ. ಏಪ್ರಿಲ್ 25ರ ಸುಮಾರಿಗೆ ಮಂಗಳೂರು, ಉಡುಪಿಯಲ್ಲಿ ಸೂರ್ಯ ನಡುನೆತ್ತಿಗೇ ಬರುತ್ತಾನೆ. ಆ ಹೊತ್ತಿಗೆ ನೆಟ್ಟ ಕೋಲಿಗೆ ನೆರಳೇ ಇರುವುದಿಲ್ಲ. ಮುರಕಲ್ಲಿನ ಗೋಡೆ ದಪ್ಪ ಇರುತ್ತದೆ, ಸೂರಿನ ನೆರಳೂ ಅದಕ್ಕೆ ಸಿಗುತ್ತದೆ. ಮಾಡಿಗೆ ಯಾವ ನೆರಳೂ ಇಲ್ಲ. ದುಡ್ಡು ಖರ್ಚು ಮಾಡುವುದಿದ್ದರೆ ಮೊದಲು ಅಲ್ಲಿಗೆ ಮಾಡಿ.

ಇದು ಹೊಸ ವಿಚಾರವಾ?

ಅಲ್ಲ. ಅಮೆರಿಕದಲ್ಲಿ 1970ರ ದಶಕದ ಇಂಧನ ಬಿಕ್ಕಟ್ಟಿನ ಹೊತ್ತಿಗೆ ಇದಕ್ಕೆ ಭಾರೀ ಬೇಡಿಕೆ ಬಂತು. ಬೆಂಕಿ ತಡೆಯುವ ಪುಡಿ ಸರಿಯಾಗಿ ಸೇರಿಸದ ಮಾಲೂ ಮಾರುಕಟ್ಟೆಗೆ ನುಗ್ಗಿತು. ಕೊನೆಗೆ 1978ರಲ್ಲಿ ಅಲ್ಲಿನ ಸರ್ಕಾರ ಇದೊಂದಕ್ಕಾಗಿಯೇ ಸುರಕ್ಷತಾ ಕಾನೂನು ತರಬೇಕಾಯಿತು. ಈ ಕೆಲಸಕ್ಕೆ ಇಳಿಯುವವರು ಆ ಕಥೆ ಮರೆಯಬಾರದು.

ನಮ್ಮ ಮನೆಗಳಲ್ಲೂ ಇದರ ತಂಗಿಯಂಥ ಕೆಲಸ ಇತ್ತು. ಅಜ್ಜಿ ಹಳೆ ಪೇಪರ್ ನೆನೆಸಿ, ಮೆಂತೆ ಸೇರಿಸಿ ಅರೆದು, ಬಿದಿರಿನ ಗೆರಸೆಗೆ, ಬುಟ್ಟಿಗೆ ಮೆತ್ತಿ ಬಿಸಿಲಿಗೆ ಇಡುತ್ತಿದ್ದರು. ಮೆಂತೆ ಅಂಟಿಗೂ ಆಯಿತು, ಅದರ ಕಹಿಗೆ ಹುಳ ಬರುವುದಿಲ್ಲ ಅಂತಲೂ ಹೇಳುತ್ತಿದ್ದರು. ಪೇಪರ್ ಜೊತೆ ಅದನ್ನು ಕಾಯುವ ಇನ್ನೊಂದು ವಸ್ತು ಬೇಕು ಎನ್ನುವುದು ಅವರಿಗೆ ಗೊತ್ತಿತ್ತು. ನಮ್ಮ ಮಾಲಿನಲ್ಲಿ ಆ ಕೆಲಸ ಮಾಡುವುದು ಬಿಳಿಗಾರ (ಬೋರಾಕ್ಸ್).

ಯಾವ ಪೇಪರ್ ಆಗುತ್ತದೆ, ಯಾವುದು ಆಗುವುದಿಲ್ಲ?

ದಿನಪತ್ರಿಕೆಯೇ ಎಲ್ಲಕ್ಕಿಂತ ಒಳ್ಳೆಯದು. ಅದು ಮರವನ್ನು ಅರೆದು ಮಾಡಿದ ಒರಟು ಕಾಗದ. ಮೇಲೆ ಯಾವ ಲೇಪವೂ ಇಲ್ಲ. ಬಿಡಿಸಿದರೆ ಚೆನ್ನಾಗಿ ಉಬ್ಬುತ್ತದೆ. ರಟ್ಟಿನ ಪೆಟ್ಟಿಗೆಯೂ ಆಗುತ್ತದೆ, ಆದರೆ ಟೇಪ್, ಪಿನ್ನು ಕಿತ್ತು ಕೊಡಬೇಕು. ಪಿನ್ನು ಒಳಗೆ ಹೋದರೆ ಮಿಲ್ಲಿನಲ್ಲಿ ಕಿಡಿ ಹಾರುತ್ತದೆ.

ಹೊಳೆಯುವ ವಾರಪತ್ರಿಕೆ, ಮದುವೆ ಕಾಗದ ಬೇಡ. ಆ ಹೊಳಪು ಬಿಳಿ ಜೇಡಿಮಣ್ಣಿನದ್ದೋ ಸುಣ್ಣದ್ದೋ ಆಗಿರುತ್ತದೆ. ಮಿಲ್ಲಿಗೆ ಹಾಕಿದರೆ ಹತ್ತಿ ಆಗುವುದಿಲ್ಲ, ಬರೀ ಧೂಳಾಗುತ್ತದೆ. ಚಹಾ ಕುಡಿಯುವ ಪೇಪರ್ ಕಪ್ ಬೇಡ, ಅದರೊಳಗೆ ಪ್ಲಾಸ್ಟಿಕ್ ಪೊರೆ ಇದೆ. ಗೋಳಿಬಜೆ ಕಟ್ಟಿದ ಎಣ್ಣೆ ಪೇಪರ್ ಖಂಡಿತ ಬೇಡ. ಎಣ್ಣೆ ಉರಿಯುತ್ತದೆ, ಇರುವೆಯನ್ನೂ ಕರೆಯುತ್ತದೆ. ಎಟಿಎಂ ಚೀಟಿ, ಅಂಗಡಿಯ ನುಣುಪು ಬಿಲ್ಲು ಕೂಡ ಬೇಡ. ಅವುಗಳ ಮೇಲೆ ರಾಸಾಯನಿಕ ಲೇಪ ಇರುತ್ತದೆ.

ಒಮ್ಮೆ ಒದ್ದೆಯಾಗಿ ಒಣಗಿದ ಪೇಪರ್ ಬಗ್ಗೆ ಕೇಳುತ್ತೀರಿ. ಬೂಷ್ಟು ಹಿಡಿದಿದ್ದರೆ ನಾವು ಮುಟ್ಟುವುದಿಲ್ಲ. ಬರೀ ಹಳದಿಯಾಗಿದ್ದರೆ ತೊಂದರೆ ಇಲ್ಲ.

ಪೇಪರನ್ನು ಮತ್ತೆ ಪೇಪರ್ ಮಾಡುವುದೇ ಒಳ್ಳೆಯದಲ್ವಾ?

ಒಳ್ಳೆಯದೇ. ಆದರೆ ಪ್ರತಿ ಸಲ ಕರಗಿಸಿದಾಗ ಎಳೆ ಗಿಡ್ಡ ಆಗುತ್ತದೆ. ಐದಾರು ಸಲ ಆದ ಮೇಲೆ ಅದರಿಂದ ಕಾಗದ ನಿಲ್ಲುವುದಿಲ್ಲ. ಇನ್ಸುಲೇಶನ್‌ಗೆ ಗಿಡ್ಡ ಎಳೆಯೂ ನಡೆಯುತ್ತದೆ. ಒಣ ವಿಧಾನದಲ್ಲಿ ನೀರು ಬೇಡ, ಕೊಳಕು ನೀರು ಹೊರಗೆ ಬಿಡುವ ಪ್ರಶ್ನೆಯೂ ಇಲ್ಲ.

ತಯಾರಿಸುವುದು ಹೇಗೆ?

ಮೊದಲು ಕೈಯಲ್ಲೇ ಆರಿಸುವುದು. ಇದು ಬೇಸರದ ಕೆಲಸ ಅನಿಸಬಹುದು, ಆದರೆ ಮಾಲಿನ ಗುಣ ನಿಲ್ಲುವುದು ಇಲ್ಲೇ. ಆಮೇಲೆ ಪೇಪರನ್ನು ಅಂಗೈಯಷ್ಟು ಚೂರು ಮಾಡುತ್ತೇವೆ. ಆ ಚೂರು ಹ್ಯಾಮರ್ ಮಿಲ್ಲಿಗೆ ಹೋಗುತ್ತದೆ. ಅಲ್ಲಿ ಕತ್ತರಿಸುವುದಲ್ಲ, ಬಡಿದು ಬಿಡಿಸುವುದು. ಕತ್ತರಿಸಿದರೆ ಅಂಚು ಚೂಪಾದ ಚೂರು ಬರುತ್ತದೆ, ಅದರಲ್ಲಿ ಗಾಳಿ ನಿಲ್ಲುವುದಿಲ್ಲ. ಬಡಿದರೆ ಎಳೆ ಎಳೆ ಬಿಟ್ಟು ಬೂದು ಬಣ್ಣದ ಹತ್ತಿ ಬರುತ್ತದೆ. ಅಕ್ಷರ ಓದಲು ಬರಬಾರದು. ಒಂದು ಮುಷ್ಟಿ ತೆಗೆದು ನೋಡಿ, 'ಉದ' ಅಂತಲೋ 'ವಾಣಿ' ಅಂತಲೋ ಇಡೀ ಅಕ್ಷರ ಕಂಡರೆ ಅದು ಇನ್ನೊಂದು ಸುತ್ತು ಹೋಗಬೇಕು.

ಮಿಲ್ಲಿನಲ್ಲೇ ಬಿಳಿಗಾರ ಮತ್ತು ಬೋರಿಕ್ ಆಸಿಡ್ ನುಣ್ಣಗಿನ ಪುಡಿಯಾಗಿ ಸೇರುತ್ತದೆ. 100 ಕೆಜಿ ಮಾಲಿನಲ್ಲಿ 80ರಿಂದ 85 ಕೆಜಿ ಪೇಪರ್, ಉಳಿದದ್ದು ಈ ಎರಡು ಪುಡಿ. ಪುಡಿ ಎಳೆಗೆ ಅಂಟಬೇಕು. ಚೀಲ ಅಲ್ಲಾಡಿಸಿದಾಗ ಅಡಿಯಲ್ಲಿ ಬಿಳಿ ಪುಡಿ ನಿಂತರೆ ಮಿಶ್ರಣ ಸರಿಯಾಗಿಲ್ಲ ಅಂತ ಅರ್ಥ. ಕೊನೆಗೆ ಧೂಳು ಎಳೆದು, ಒತ್ತಿ ಚೀಲಕ್ಕೆ ತುಂಬುವುದು.

ಪೇಪರ್ ಅಲ್ವಾ, ಬೆಂಕಿ ಹಿಡಿಯುವುದಿಲ್ಲವಾ?

ಬರೀ ಪೇಪರ್ ಹತ್ತಿ ಒಂದು ಕ್ಷಣದಲ್ಲಿ ಉರಿದುಹೋಗುತ್ತದೆ. ಆದ್ದರಿಂದ ಪುಡಿ ಇಲ್ಲದ ಮಾಲನ್ನು ಮನೆಯ ಯಾವ ಮೂಲೆಗೂ ಹಾಕಬಾರದು. ಇದರಲ್ಲಿ ರಾಜಿ ಇಲ್ಲ.

ಬಿಳಿಗಾರ ಹೇಗೆ ಕೆಲಸ ಮಾಡುತ್ತದೆ ಅಂತ ನೋಡಬೇಕಾದರೆ ಅಕ್ಕಸಾಲಿಗರ ಅಂಗಡಿಯಲ್ಲಿ ಐದು ನಿಮಿಷ ನಿಲ್ಲಿ. ಬೆಸುಗೆ ಹಾಕುವಾಗ ಅದು ಕಾದು ಮೊದಲು ಮಂಡಕ್ಕಿಯ ಹಾಗೆ ಉಬ್ಬುತ್ತದೆ, ಒಳಗಿದ್ದ ನೀರು ಬಿಡುತ್ತದೆ, ಆಮೇಲೆ ಕರಗಿ ಗಾಜಿನ ಹಾಗೆ ಹರಡುತ್ತದೆ. ಪೇಪರ್ ಎಳೆಯ ಮೇಲೂ ಇದೇ ಆಗುವುದು. ನೀರು ಬಿಟ್ಟು ತಣಿಸುತ್ತದೆ, ಗಾಜಿನಂಥ ಪೊರೆ ಗಾಳಿಯನ್ನು ತಡೆಯುತ್ತದೆ, ಎಳೆ ಉರಿಯುವ ಬದಲು ಕರಿಯಾಗಿ ಇದ್ದಿಲಾಗುತ್ತದೆ.

ಹಾಗಾದರೆ ಬೋರಿಕ್ ಆಸಿಡ್ ಯಾಕೆ? ಬಿಳಿಗಾರ ಜ್ವಾಲೆ ಹಬ್ಬದಂತೆ ತಡೆಯುತ್ತದೆ, ಆದರೆ ಜ್ವಾಲೆ ಇಲ್ಲದೆ ಒಳಗೊಳಗೇ ಕನಲುವ ಬೆಂಕಿಗೆ ಅದೊಂದೇ ಸಾಲದು. ತೆಂಗಿನ ಸಿಪ್ಪೆ ಬೂದಿಯ ಅಡಿಯಲ್ಲಿ ಬೆಳಗಿನವರೆಗೆ ಕೆಂಡ ಇಟ್ಟುಕೊಳ್ಳುವುದಿಲ್ಲವಾ, ಹಾಗೆ. ಅದನ್ನು ಹಿಡಿಯುವುದು ಬೋರಿಕ್ ಆಸಿಡ್. ಕೇರಂ ಬೋರ್ಡಿಗೆ ಉದುರಿಸುವ ಬಿಳಿ ಪುಡಿ ಇದೆಯಲ್ಲ, ಅದೇ. ಎರಡೂ ಸೇರಿದರೆ ಮಾತ್ರ ಕೆಲಸ ಪೂರ್ತಿ.

ಶೆಡ್‌ಗೆ ಬಂದರೆ ನಿಮ್ಮ ಎದುರೇ ತೋರಿಸುತ್ತೇವೆ. ಸ್ಟೀಲ್ ತಟ್ಟೆಯಲ್ಲಿ ಒಂದು ಹಿಡಿ ಹತ್ತಿ, ಅದರ ಮೇಲೆ ಗ್ಯಾಸ್ ಟಾರ್ಚ್. ಜ್ವಾಲೆ ತಾಗಿದ ಜಾಗ ಕರಿಯಾಗುತ್ತದೆ, ಅಂಚು ಒಮ್ಮೆ ಕೆಂಪಾಗುತ್ತದೆ. ಟಾರ್ಚ್ ತೆಗೆದರೆ ಆ ಕೆಂಪು ಅಲ್ಲೇ ಆರುತ್ತದೆ. ಆಮೇಲೆ ಹತ್ತು ನಿಮಿಷ ಕಾಯಿರಿ ಅಂತ ನಾನು ಹೇಳುತ್ತೇನೆ. ಹತ್ತು ನಿಮಿಷ ಬಿಟ್ಟು ಬೆರಳು ಹಾಕಿದಾಗ ಒಳಗೆ ಬಿಸಿ ಇರಬಾರದು, ಹೊಗೆ ಬರಬಾರದು. ಜ್ವಾಲೆ ಆರಿದ್ದನ್ನು ಮಾತ್ರ ನೋಡಿ ಖುಷಿಪಟ್ಟರೆ ಪರೀಕ್ಷೆ ಅರ್ಧವೇ ಆಯಿತು. ಇದು ನೋಡಲು ಮಾತ್ರ, ಲ್ಯಾಬ್ ಪರೀಕ್ಷೆಗೆ ಬದಲಿ ಅಲ್ಲ.

ಪುಡಿ ಹಾಕಿದ್ದರೂ ಚಿಮಣಿ, ಹೊಗೆ ಕೊಳವೆ, ಬಿಸಿಯಾಗುವ ಸೀಲಿಂಗ್ ಲೈಟ್ ಇವುಗಳಿಗೆ ತಾಗಿಸಿ ಹಾಕಬೇಡಿ. ಕನಿಷ್ಠ ಮೂರು ಇಂಚು ಬಿಡಿ. ಹಳೆ ಮನೆಯ ಬಟ್ಟೆ ಸುತ್ತಿದ ವಯರಿಂಗ್ ಇದ್ದರೆ ಮೊದಲು ಅದನ್ನು ಬದಲಾಯಿಸಿ, ಆಮೇಲೆ ನಮ್ಮ ಹತ್ತಿರ ಬನ್ನಿ.

ಗೊಬ್ಬರದ ಅಂಗಡಿಯ ಅಮೋನಿಯಂ ಸಲ್ಫೇಟ್ ಅಗ್ಗ. ಅದನ್ನೇ ಹಾಕಬಾರದಾ?

ಬೆಂಕಿಯನ್ನು ಅದೂ ತಡೆಯುತ್ತದೆ, ಬೇರೆ ಕಡೆ ಹಾಕುವವರೂ ಇದ್ದಾರೆ. ಆದರೆ ತೇವ ತಾಗಿದರೆ ವಾಸನೆ ಬಿಡುತ್ತದೆ, ಕಬ್ಬಿಣ, ತಾಮ್ರ ತಿನ್ನುತ್ತದೆ. ಉಪ್ಪುಗಾಳಿಗೆ ಮೊದಲೇ ತುಕ್ಕು ಹಿಡಿಯುವ ಊರಿನಲ್ಲಿ ಅದು ಬೇಡ.

ನಮ್ಮ ಮಳೆಗೆ ಇದು ಉಳಿಯುತ್ತದಾ?

ಇದೇ ಮುಖ್ಯ ಪ್ರಶ್ನೆ. ವರ್ಷಕ್ಕೆ 3,500 ಮಿಲಿಮೀಟರ್ ದಾಟಿ ಮಳೆ ಸುರಿಯುವ ಜಾಗ ನಮ್ಮದು. ಆಟಿ ತಿಂಗಳಲ್ಲಿ (ಜುಲೈ-ಆಗಸ್ಟ್) ಡಬ್ಬದ ಮುಚ್ಚಳ ಸರಿಯಾಗಿ ಹಾಕದಿದ್ದರೆ ಹಪ್ಪಳ ಸಂಜೆಯೊಳಗೆ ಮೆತ್ತಗಾಗುತ್ತದೆ. ಪೇಪರ್ ಹತ್ತಿಯೂ ಹಾಗೆ ಗಾಳಿಯ ತೇವ ಎಳೆದುಕೊಳ್ಳುತ್ತದೆ, ಬಿಸಿಲು ಬಂದಾಗ ಬಿಟ್ಟುಕೊಡುತ್ತದೆ. ಗಾಳಿ ಆಡುವ ಜಾಗ ಇದ್ದರೆ ಇಷ್ಟರಿಂದ ಕೆಡುವುದಿಲ್ಲ. ಬಿಳಿಗಾರ ಇರುವುದರಿಂದ ಬೂಷ್ಟೂ ಸುಲಭಕ್ಕೆ ಹಿಡಿಯುವುದಿಲ್ಲ.

ಸೋರುವ ನೀರಿನ ಕಥೆ ಬೇರೆ. ಬಿಳಿಗಾರ, ಬೋರಿಕ್ ಆಸಿಡ್ ಎರಡೂ ನೀರಿನಲ್ಲಿ ಕರಗುತ್ತವೆ. ಒಂದೇ ಜಾಗದಲ್ಲಿ ನೀರು ಬೀಳುತ್ತಾ ಇದ್ದರೆ ಮೊದಲು ಪುಡಿ ತೊಳೆದು ಹೋಗುತ್ತದೆ. ಉಳಿಯುವುದು ಬರೀ ಒದ್ದೆ ಪೇಪರ್. ಅದಕ್ಕೆ ಬೂಷ್ಟು ಬರುತ್ತದೆ, ಒರಲೆ (ಗೆದ್ದಲು) ಬರುತ್ತದೆ, ಒಣಗಿದ ಮೇಲೆ ಬೆಂಕಿಯೂ ಹಿಡಿಯುತ್ತದೆ. ಬೆಂಕಿಯ ರಕ್ಷಣೆ, ಹುಳದ ರಕ್ಷಣೆ ಎಲ್ಲವೂ ಒಂದು ಒಡೆದ ಹಂಚಿನಿಂದ ಹೋಗಿಬಿಡುತ್ತದೆ.

ಇದು ನನಗೆ ಗೊತ್ತಾದದ್ದು ನಮ್ಮ ಚಿಕ್ಕಮ್ಮನ ಮನೆಯಲ್ಲಿ. ಮೊದಲ ವರ್ಷ ಅವರ ಹಂಚಿನ ಮನೆಯ ಮುಚ್ಚಿಗೆ (ಹಂಚಿನ ಕೆಳಗಿನ ಮರದ ಹಲಗೆಯ ಸೀಲಿಂಗ್) ಮೇಲೆ ನಾವೇ ಹಾಕಿದ್ದೆವು. ಮೇ ತಿಂಗಳಲ್ಲಿ ಅವರಿಗೆ ತುಂಬ ಖುಷಿ, ಮಧ್ಯಾಹ್ನ ಮೇಲಿನ ಕೋಣೆಯಲ್ಲಿ ನಿದ್ದೆ ಬರುತ್ತಿತ್ತು. ಜೂನ್‌ನಲ್ಲಿ ತೆಂಗಿನ ಮಡಲು ಬಿದ್ದು ಒಂದು ಹಂಚು ಬಿರುಕು ಬಿಟ್ಟಿತು. ಮೊದಲಾಗಿದ್ದರೆ ನೀರು ಕೆಳಗೆ ತೊಟ್ಟಿಕ್ಕಿ, ಪಾತ್ರೆ ಇಟ್ಟು, ಮರುದಿನವೇ ಹಂಚು ಬದಲಾಯಿಸುತ್ತಿದ್ದರು. ಈಗ ಪೇಪರ್ ಆ ನೀರನ್ನು ಕುಡಿಯುತ್ತಾ ಹೋಯಿತು. ಯಾರಿಗೂ ಗೊತ್ತಾಗಲಿಲ್ಲ. ಚೌತಿಗೆ ಮೊದಲು ಬಲೆ ತೆಗೆಯುವಾಗ ಹಲಗೆಯಲ್ಲಿ ಕಂದು ಕಲೆ ಕಂಡು ನನ್ನನ್ನು ಕರೆದರು. ಅಟ್ಟ ಹತ್ತಿ ಕೈ ಹಾಕಿದೆ. ಮೇಲಿನ ಎರಡು ಬೆರಳಿನಷ್ಟು ದಪ್ಪ ಒಣಗಿಯೇ ಇತ್ತು. ಅದರ ಅಡಿ ನೆನೆದ ಅವಲಕ್ಕಿಯ ಹಾಗೆ ಮುದ್ದೆ, ಹಲಗೆಗೆ ಅಂಟಿದಲ್ಲಿ ಕಪ್ಪು ಚುಕ್ಕೆ, ಹಳೆ ಗೋಣಿಯ ವಾಸನೆ. "ಇದು ಒಣಗ್ತದಾ ಮಗ?" ಅಂತ ಕೆಳಗಿನಿಂದ ಕೇಳಿದರು. ಒಣಗುವುದಿಲ್ಲ ಚಿಕ್ಕಮ್ಮ, ತೆಗೆಯಬೇಕು ಅಂದೆ. ಮೂರು ಗೋಣಿ ತುಂಬ ತೆಗೆದೆವು, ಎರಡು ಹಲಗೆ ಬದಲಾಯಿಸಿದೆವು. ನಾಲ್ಕು ಅಡಿ ಆಚೆ ಇದ್ದ ಹತ್ತಿ ಹಾಕಿದ ದಿನದ ಹಾಗೆಯೇ ಇತ್ತು.

ಅಂದಿನಿಂದ ನಮ್ಮ ಕ್ರಮ ಹೀಗೆ: ಮಾಡು ಒಂದು ಮಳೆಗಾಲ ಸೋರದೆ ನಿಂತದ್ದನ್ನು ನೋಡದೆ ಹಾಕುವುದಿಲ್ಲ. ಹಾಕಿದ ಮೇಲೆ ಪ್ರತಿ ಮಳೆಗಾಲದಲ್ಲಿ ಎರಡು ಸಲವಾದರೂ ಅಟ್ಟ ಹತ್ತಿ ಕೈ ಅಡಿಯವರೆಗೆ ಹಾಕಿ ನೋಡಬೇಕು. ಅಟ್ಟ ಹತ್ತಲು ದಾರಿಯೇ ಇಲ್ಲದ ಮನೆಗೆ ನಾವು ಬೇಡ ಎನ್ನುತ್ತೇವೆ.

ಹಂಚಿನ ಮನೆಯಲ್ಲಿ ಸರಿಯಾಗಿ ಎಲ್ಲಿ ಹಾಕಬೇಕು?

ಹಂಚಿನ ಅಡಿಗೆ ತಾಗಿಸಿ, ಪಕ್ಕಾಸಿನ (ಹಂಚು ಹೊರುವ ಮರದ ತುಂಡುಗಳ) ನಡುವೆ ತುರುಕಬೇಡಿ. ಮಂಗಳೂರು ಹಂಚು ಒಂದರ ಮೇಲೊಂದು ಕೂತರೂ ಸಂದಿಯಲ್ಲಿ ಗಾಳಿ ಆಡುತ್ತದೆ, ಜೋರು ಗಾಳಿಮಳೆಗೆ ಎರಚಲೂ ಬರುತ್ತದೆ. ಮಂಗಳೂರಿನ ಜೆಪ್ಪುವಿನಲ್ಲಿ 1865ರಲ್ಲಿ ಬಾಸೆಲ್ ಮಿಶನ್ ಎಂಬ ಕ್ರೈಸ್ತ ಸಂಸ್ಥೆಯವರು ಹಂಚಿನ ಕಾರ್ಖಾನೆ ಶುರು ಮಾಡಿದಾಗಿನಿಂದ ಈ ಮಾಡು ನಮ್ಮ ಸೆಕೆಗೆ ಹೊಂದಿಕೊಂಡು ಬಂದಿದೆ. ಆ ಗಾಳಿಯನ್ನು ಮುಚ್ಚಿ ಹಾಳು ಮಾಡಬಾರದು. ಹತ್ತಿ ಇರಬೇಕಾದದ್ದು ಮುಚ್ಚಿಗೆ ಹಲಗೆಯ ಮೇಲೆ, ಮಲಗಿಸಿದ ಹಾಗೆ. ಹಂಚಿಗೂ ಹತ್ತಿಗೂ ನಡುವೆ ಗಾಳಿ ಆಡಲು ಜಾಗ ಬಿಡಿ. ಎರಚಲು ಬರುವ ಬದಿಯಲ್ಲಿ ಎರಡು ಅಡಿ ಖಾಲಿ ಬಿಟ್ಟರೂ ನಷ್ಟವಿಲ್ಲ.

ತಾರಸಿ ಮೇಲೆ ತಗಡಿನ ಶೀಟ್ ಹಾಕಿಸಿದ್ದೇವೆ. ಅದರ ಅಡಿಗೆ?

ಶೀಟಿಗೆ ನೇರ ಅಂಟಿಸುವುದು ಬೇಡ. ಬೆಳಗಿನ ಜಾವ ಶೀಟಿನ ಅಡಿ ಹನಿ ಕಟ್ಟುವುದನ್ನು ನೀವೇ ನೋಡಿರುತ್ತೀರಿ. ಆ ಹನಿ ಪೇಪರಿಗೆ ಇಳಿಯುತ್ತದೆ. ಶೀಟಿನ ಕೆಳಗೆ ಅಂತರ ಬಿಟ್ಟು ಫಾಲ್ಸ್ ಸೀಲಿಂಗ್ ಮಾಡಿಸಿ, ಅದರ ಮೇಲೆ ಹಾಕಬಹುದು. ಶೀಟಿನ ಕೆಳಗೆ ನಾಲ್ಕೂ ಕಡೆ ತೆರೆದಿದ್ದು ಬಟ್ಟೆ ಒಣಗಿಸಲು ಮಾತ್ರ ಬಳಸುತ್ತಿದ್ದರೆ ಇನ್ಸುಲೇಶನ್ ಬೇಡವೇ ಬೇಡ. ಶೀಟಿನ ನೆರಳು, ನಡುವೆ ಓಡುವ ಗಾಳಿ ಇವೇ ತಾರಸಿಯನ್ನು ಕಾಯುತ್ತವೆ.

ಎಸಿ ರೂಮಿಗೆ?

ಲಾಭ ಜಾಸ್ತಿ ಅಲ್ಲೇ, ಎಚ್ಚರವೂ ಅಲ್ಲೇ ಬೇಕು. ಚಳಿ ದೇಶದ ವಿಡಿಯೋ ನೋಡಿ ಕೆಲವರು ರೂಮಿನ ಬದಿಗೆ ಪ್ಲಾಸ್ಟಿಕ್ ಹಾಳೆ ಹೊದಿಸುತ್ತಾರೆ. ಅಲ್ಲಿ ತೇವ ಮನೆಯೊಳಗಿನಿಂದ ಹೊರಗೆ ಹೋಗುತ್ತದೆ. ನಮ್ಮಲ್ಲಿ ಹೊರಗಿನ ಹಸಿ ಗಾಳಿ ತಂಪು ರೂಮಿನ ಕಡೆಗೆ ಬರುತ್ತದೆ. ಒಳಬದಿಗೆ ಪ್ಲಾಸ್ಟಿಕ್ ಇದ್ದರೆ ಆ ತೇವ ಅಲ್ಲೇ ನೀರಾಗಿ ಪೇಪರಿನೊಳಗೆ ನಿಲ್ಲುತ್ತದೆ.

ಒರಲೆ, ಇಲಿ ಬರುವುದಿಲ್ಲವಾ?

ಒರಲೆಗೆ ಬಿಳಿಗಾರ ವಿಷ, ಜಿರಳೆಗೂ ಹೌದು. ಆದರೆ ಮರದ ಪಕ್ಕಾಸಿಗೆ ಇದು ರಕ್ಷಣೆ ಕೊಡುತ್ತದೆ ಅಂತ ತಿಳಿಯಬೇಡಿ, ಹತ್ತಿ ತನ್ನನ್ನು ಮಾತ್ರ ಕಾದುಕೊಳ್ಳುತ್ತದೆ. ಇಲಿ ಇದನ್ನು ತಿನ್ನುವುದಿಲ್ಲ, ಗೂಡು ಮಾಡಬಹುದು. ಅಟ್ಟದಲ್ಲಿ ಮರಬೆಕ್ಕು ಓಡಾಡುವ ಮನೆಗಳಲ್ಲಿ ಹತ್ತಿಯೆಲ್ಲ ಒಂದು ಮೂಲೆಗೆ ಸೇರಿರುತ್ತದೆ. ಮೊದಲು ಸೂರಿನ ಸಂದಿಗೆ ಕಬ್ಬಿಣದ ಬಲೆ ಹೊಡೆಸಿ.

ಒಂದು ಕೋಣೆಗೆ ಎಷ್ಟು ಮಾಲು ಬೇಕು?

ಹತ್ತಡಿ ಉದ್ದ, ಹತ್ತಡಿ ಅಗಲದ ಕೋಣೆಗೆ ನಾಲ್ಕು ಇಂಚು ದಪ್ಪ ಹಾಕಲು, ಘನ ಮೀಟರಿಗೆ 50 ಕೆಜಿ ಹಿಡಿದರೆ, ಸುಮಾರು 47 ಕೆಜಿ. ಅದರಲ್ಲಿ ಪೇಪರ್ 40 ಕೆಜಿ. ಹನ್ನೆರಡು ಪುಟದ ಒಂದು ದಿನಪತ್ರಿಕೆ 50 ಗ್ರಾಂ ಹತ್ತಿರ ತೂಗುತ್ತದೆ. ಅಂದರೆ ಒಂದು ಮನೆಯ ಎರಡು ವರ್ಷ ಚಿಲ್ಲರೆ ಪೇಪರ್ ಒಂದು ಕೋಣೆಯ ಮೇಲೆ ಕೂರುತ್ತದೆ. ಈ ಲೆಕ್ಕ ನನಗೆ ತುಂಬ ಇಷ್ಟ.

ಸುಮ್ನೆ ಹಗುರವಾಗಿ ಉದುರಿಸಿದರೆ ಮಾಲು ಕಡಿಮೆ ಸಾಕು, ಆದರೆ ಕಾಲ ಕಳೆದ ಹಾಗೆ ದಪ್ಪದ ಐದನೇ ಒಂದು ಪಾಲಿನವರೆಗೆ ಕುಸಿಯಬಹುದು. ನಾಲ್ಕು ಇಂಚು ಉಳಿಯಬೇಕಾದರೆ ಐದು ಇಂಚು ಹಾಕಿ.

ಮನೆಯಲ್ಲೇ ಮಾಡಿಕೊಳ್ಳಬಹುದಾ?

ಒಣ ಹತ್ತಿಯನ್ನು ಮನೆಯಲ್ಲಿ ಮಾಡಬೇಡಿ. ಮಿಕ್ಸಿಯಲ್ಲಿ ಪೇಪರ್ ಹುಡಿ ಮಾಡಿ, ಅಂದಾಜಿಗೆ ಪುಡಿ ಉದುರಿಸಿದರೆ ಒಂದು ಕಡೆ ಪುಡಿ ಇರುತ್ತದೆ, ಇನ್ನೊಂದು ಕಡೆ ಇರುವುದಿಲ್ಲ. ಬೆಂಕಿ ಹಿಡಿಯುವುದು ಇಲ್ಲದ ಕಡೆಯಲ್ಲೇ.

ಆಸಕ್ತಿ ಇದ್ದವರು ಹಲಗೆ ಮಾಡಿ ನೋಡಬಹುದು. ಪೇಪರ್ ಎರಡು ದಿನ ನೆನೆಸಿ, ಅರೆದು, ಹಿಂಡಿ, ಬಿಳಿಗಾರ ಮತ್ತು ಬೋರಿಕ್ ಆಸಿಡ್ ಕರಗಿಸಿದ ನೀರಿನಲ್ಲಿ ಕಲಸಿ, ಗಂಜಿ ಸೇರಿಸಿ ಚೌಕಟ್ಟಿನಲ್ಲಿ ಒತ್ತುವುದು. ಹೆಚ್ಚು ಒತ್ತಿದಷ್ಟೂ ಹಲಗೆ ಗಟ್ಟಿಯಾಗುತ್ತದೆ, ಶಾಖ ತಡೆಯುವ ಗುಣ ಕಡಿಮೆಯಾಗುತ್ತದೆ. ಡಿಸೆಂಬರಿನಿಂದ ಏಪ್ರಿಲ್ ಒಳಗೆ ಮಾಡಿ. ಜೂನ್ ನಂತರ ಮಾಡಿದ ಹಲಗೆ ಒಣಗುವ ಮೊದಲು ಬೂಷ್ಟು ಹಿಡಿಯುತ್ತದೆ. ಇದನ್ನು ಪ್ರಯೋಗ ಅಂತ ಮಾಡಿ, ಮಲಗುವ ಕೋಣೆಯ ಮೇಲೆ ಕೂರಿಸಬೇಡಿ.

ಆರೋಗ್ಯಕ್ಕೆ ತೊಂದರೆ ಇದೆಯಾ?

ಹಾಕಿ ಮುಚ್ಚಿದ ಮೇಲೆ ಮನೆಯವರಿಗೆ ಅದರ ಸಂಪರ್ಕವೇ ಇರಬಾರದು. ಎಚ್ಚರ ಬೇಕಾದದ್ದು ತಯಾರಿಸುವವರಿಗೆ, ಹಾಕುವವರಿಗೆ. ಧೂಳು ಕೆಟ್ಟದ್ದು. ಬೋರಿಕ್ ಆಸಿಡನ್ನು ಯುರೋಪಿನಲ್ಲಿ 2010ರಿಂದ, ಸಂತಾನಶಕ್ತಿಗೆ ಹಾನಿ ಮಾಡಬಹುದಾದ ವಸ್ತು ಅಂತ ವಿಶೇಷ ಕಾಳಜಿಯ ಪಟ್ಟಿಯಲ್ಲಿ ಇಟ್ಟಿದ್ದಾರೆ. ಹಾಗಾಗಿ ಎನ್95 ಮಾಸ್ಕ್, ಗ್ಲೌಸ್, ಉದ್ದ ತೋಳಿನ ಅಂಗಿ ಇಲ್ಲದೆ ನಮ್ಮ ಶೆಡ್‌ನಲ್ಲಿ ಯಾರೂ ಮಿಲ್ಲಿನ ಹತ್ತಿರ ಹೋಗುವುದಿಲ್ಲ. ಬಸುರಿಯರಿಗೆ ಆ ಕೆಲಸ ಕೊಡುವುದಿಲ್ಲ. ಕೈ ತೊಳೆಯದೆ ಚಹಾ ಇಲ್ಲ. ನೋಡಲು ಬರುವಾಗ ಮಕ್ಕಳನ್ನು ಕರೆತಂದರೆ ಹೊರಗಿನ ಅಂಗಳದಲ್ಲಿ ಬಿಡಿ.

ಮಳೆಯ ಸದ್ದು ಕಡಿಮೆಯಾಗುತ್ತದಾ?

ಆಗುತ್ತದೆ. ಶೀಟ್ ಮನೆಯವರು ಮೊದಲು ಹೇಳುವುದೇ ಇದನ್ನು.

ಥರ್ಮೋಕೋಲ್ ಅಥವಾ ತೆಂಗಿನ ನಾರು ಒಳ್ಳೆಯದಲ್ವಾ?

ಥರ್ಮೋಕೋಲ್ ಶಾಖ ತಡೆಯುವುದರಲ್ಲಿ ಸ್ವಲ್ಪ ಮುಂದೆಯೇ ಇದೆ, ನೀರಿಗೂ ಹೆದರುವುದಿಲ್ಲ. ಆದರೆ ಬೆಂಕಿಗೆ ಕರಗಿ ಉರಿದು ಕಪ್ಪು ಹೊಗೆ ಬಿಡುತ್ತದೆ. ತೆಂಗಿನ ನಾರು ನಮ್ಮ ಊರಿನದ್ದೇ, ತೇವ ತಡೆದುಕೊಳ್ಳುತ್ತದೆ. ಸೋರುವ ಭಯ ಇರುವ ಮನೆಗೆ ನಾನು ಪೇಪರ್ ಬಿಟ್ಟು ನಾರಿನ ಹಲಗೆ ನೋಡಿ ಅಂತಲೇ ಹೇಳುತ್ತೇನೆ.

ಇಂಥದ್ದೇ ಘಟಕ ಶುರು ಮಾಡಬೇಕೆಂದಿದ್ದೇನೆ. ಮೊದಲು ಏನು ಮಾಡಲಿ?

ಒಣಗಿದ ಜಾಗ ಹುಡುಕಿ. ನೆಲದಿಂದ ಎರಡು ಅಡಿ ಎತ್ತರಕ್ಕೆ ಹಲಗೆ ಹಾಕಿ ಪೇಪರ್ ಇಡುವಂಥದ್ದು, ಮಳೆಗಾಲದ ನಾಲ್ಕು ತಿಂಗಳ ದಾಸ್ತಾನು ಹಿಡಿಯುವಂಥದ್ದು. ಗುಜರಿ ಅಂಗಡಿಯವರ ಜೊತೆ ಮೇ ಒಳಗೆ ಮಾತಾಡಿಕೊಳ್ಳಿ, ಆಮೇಲೆ ಬರುವ ಪೇಪರ್ ತೂಕದಲ್ಲಿ ನೀರಿಗೂ ದುಡ್ಡು ಕೊಡಬೇಕಾಗುತ್ತದೆ. ಉದ್ಯಮ್ ನೋಂದಣಿ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಮಾಡಿಸಿ, ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ವಿಚಾರಿಸಿ. ಯಂತ್ರಕ್ಕೆ ಎಷ್ಟು ಎತ್ತಿಡುತ್ತೀರೋ, ಪರೀಕ್ಷೆಗೂ ಬೇರೆಯಾಗಿ ಎತ್ತಿಡಿ. ಶಾಖವಾಹಕತೆ ಅಳೆಯಲು ಭಾರತೀಯ ಮಾನದಂಡ ಐಎಸ್ 3346 ಇದೆ, ಪೇಪರ್ ಹತ್ತಿಗೆಂದೇ ಅಮೆರಿಕದ ಮಾನದಂಡ ಎಎಸ್‌ಟಿಎಂ ಸಿ739 ಇದೆ. ಪ್ರತಿ ಬ್ಯಾಚಿನ ಒಂದು ಡಬ್ಬ ಮಾದರಿ, ತಾರೀಕು ಬರೆದು, ಇಟ್ಟುಕೊಳ್ಳಿ.

ನಮ್ಮ ಮನೆಯ ಹಳೆ ಪೇಪರ್ ನಿಮಗೆ ಕೊಡಬಹುದಾ?

ಖಂಡಿತ. ಅಕ್ಟೋಬರಿನಿಂದ ಮೇ ವರೆಗೆ ತೆಗೆದುಕೊಳ್ಳುತ್ತೇವೆ. ಪೇಪರಿನೊಳಗಿನ ಹೊಳೆಯುವ ಜಾಹೀರಾತು ಹಾಳೆ ತೆಗೆದಿಡಿ. ಪ್ಲಾಸ್ಟಿಕ್ ದಾರ ಬೇಡ, ಸೆಣಬಿನ ಹಗ್ಗದಲ್ಲಿ ಕಟ್ಟಿ. ಕಟ್ಟನ್ನು ನೆಲಕ್ಕೆ ತಾಗಿಸಿ ಇಟ್ಟಿದ್ದರೆ ಕೊಡುವ ಮೊದಲು ಅಡಿಯ ನಾಲ್ಕು ಪೇಪರ್ ತೆರೆದು ನೋಡಿ. ಒರಲೆ ಶುರುವಾಗುವುದು ಅಲ್ಲಿಂದಲೇ.